ಬೇಕಾದಷ್ಟು ಸುಶಿ ತಿನ್ನಲು ಕೂತಾಗ ನಾನು ಆರ್ಡರ್ ಹಾಕುವ ಕ್ರಮ

ಒಂದೇ ದರಕ್ಕೆ ಬೇಕಾದಷ್ಟು ಬಡಿಸುವ ಜಪಾನೀ ರೆಸ್ಟೋರೆಂಟಿಗೆ ಹೋದರೆ ಮೆನು ತೆರೆಯುವ ಮೊದಲೇ ಮೂರು ವಿಷಯ ಕೇಳಿಕೊಳ್ಳುತ್ತೇನೆ: ಎಷ್ಟು ಹೊತ್ತು ಕೂರಬಹುದು, ಕೊನೆಯ ಆರ್ಡರ್ ಯಾವಾಗ, ತಟ್ಟೆಯಲ್ಲಿ ಬಿಟ್ಟರೆ ದಂಡ ಹೇಗೆ. ಸಾಮಾನ್ಯವಾಗಿ 90 ಅಥವಾ 120 ನಿಮಿಷ ಸಿಗುತ್ತದೆ. ಆದರೆ ಕೊನೆಯ ಆರ್ಡರ್ ಅದಕ್ಕಿಂತ 20–30 ನಿಮಿಷ ಮೊದಲೇ ನಿಲ್ಲುತ್ತದೆ. ದಂಡವನ್ನು ಕೆಲವೆಡೆ ತುಂಡಿನ ಲೆಕ್ಕದಲ್ಲಿ ಹಾಕುತ್ತಾರೆ; ಮೇಲಿನ ಮೀನು ತಿಂದು ಅನ್ನ ಉಳಿಸಿದರೂ ಬಿಲ್ಲಿಗೆ ಸೇರುತ್ತದೆ.

ಇಲ್ಲಿ ಹೊಟ್ಟೆ ತುಂಬಿಸುವುದು ಅನ್ನ. ಒಂದು ನಿಗಿರಿಯಲ್ಲಿ (ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿಟ್ಟ ಸುಶಿ) ಸುಮಾರು 15–20 ಗ್ರಾಂ ಅನ್ನವಿರುತ್ತದೆ, ಹತ್ತು ತಿಂದರೂ 200 ಗ್ರಾಂ ದಾಟುವುದಿಲ್ಲ. ಅನ್ನ ಹೊರಗಿರುವ ದಪ್ಪ ರೋಲ್ ಒಂದಕ್ಕೇ ನೂರು ಗ್ರಾಂ ಮೀರುತ್ತದೆ, ಮೇಲೆ ಮಯೊನೀಸ್ ಮತ್ತು ಕರಿದ ಚೂರು ಬೇರೆ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನವಾದ್ದರಿಂದ ತಿನ್ನುವಾಗ ಭಾರ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿದ್ದು ತಿಳಿಯಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಇನ್ನೆರಡು ಆರ್ಡರ್ ಹೋಗಿರುತ್ತದೆ! ಹಾಗಾಗಿ ನಾಲ್ವರ ಟೇಬಲಿಗೆ ರೋಲ್ ಒಂದೇ ಸಾಕು, ಹಂಚಿಕೊಂಡರೆ ತಲೆಗೆ ಎರಡು ತುಂಡು.

ಮೊದಲ ಸುತ್ತು ಪರೀಕ್ಷೆಗೆ ಮಾತ್ರ. ತಲೆಗೆ ಐದಾರು ತುಂಡು, ಬಗೆಗೊಂದು. ಮೀನಿನ ಅಂಚು ಒಣಗಿದ್ದರೆ ಅಥವಾ ಅನ್ನ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗೆ ಗಟ್ಟಿಯಾಗಿದ್ದರೆ ಸುಶಿ ಅಲ್ಲಿಗೇ ಬಿಟ್ಟು ಯಾಕಿಟೋರಿ (ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ), ಗ್ಯೋಜಾ (ಹೂರಣ ತುಂಬಿದ ಮೊಮೊ ಥರದ್ದು), ಸುಟ್ಟ ಬಂಗುಡೆಯ ಕಡೆ ಹೊರಳುತ್ತೇನೆ. ಟ್ರೇಯಲ್ಲಿ ಸಾಲಾಗಿ ಇಟ್ಟಿರುವ ಹಸಿಮೀನಿನ ಸುಶಿಗಿಂತ ಆರ್ಡರ್ ಕೊಟ್ಟ ಮೇಲೆ ಕಟ್ಟಿಕೊಡುವುದೇ ಯಾವಾಗಲೂ ವಾಸಿ.

ಚೆನ್ನಾಗಿದ್ದರೆ ಬಿಳಿ ಮೀನಿನಿಂದ ಶುರು, ಆಮೇಲೆ ಟ್ಯೂನಾ, ಸಾಲ್ಮನ್, ಬಳಿಕ ಬಂಗುಡೆ. ಸಿಹಿ ಸಾಸ್ ಸವರಿದ ಹಾವುಮೀನು ಕೊನೆಗೆ. ಅದನ್ನು ಮೊದಲೇ ತಿಂದರೆ ಬಿಳಿ ಮೀನು ನೀರು ನೀರು ಅನ್ನಿಸುತ್ತದೆ. ಶುಂಠಿ ಉಪ್ಪಿನಕಾಯಿ ಎರಡು ತುಂಡಿನ ನಡುವೆ ಬಾಯಿ ಸ್ವಚ್ಛ ಮಾಡಲು, ಸುಶಿಯ ಮೇಲೆ ಹೇರಲು ಅಲ್ಲ. ಸೋಯಾ ಸಾಸಿಗೆ ಮೀನಿನ ಬದಿ ತಾಗಿಸಬೇಕು; ಅನ್ನ ಅದ್ದಿದರೆ ಉಪ್ಪು ಹೀರಿ ಬಟ್ಟಲಲ್ಲೇ ಉದುರುತ್ತದೆ.

ತೆಮಾಕಿ, ಅಂದರೆ ಕಡಲಪಾಚಿಯ ಹಾಳೆಯಲ್ಲಿ ಶಂಕುವಿನಂತೆ ಸುತ್ತಿದ ಸುಶಿ, ಬಂದ ಕೂಡಲೇ ತಿನ್ನಬೇಕು. ಕೆಲವೇ ನಿಮಿಷದಲ್ಲಿ ನೋರಿ ಎಂಬ ಆ ಹಾಳೆ ಮೆತ್ತಗಾಗಿ ಹಲ್ಲಿಗೆ ಜಗ್ಗುತ್ತದೆ. ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ, ಸೀಗಡಿ) ಕೂಡ ಹಾಗೇ, ಆರಿದರೆ ಎಣ್ಣೆ ಮುದ್ದೆ. ಹಾಲ್ ತುಂಬಿದ್ದಾಗ ಬಿಸಿ ಐಟಂ ತಡವಾಗಿ, ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅದಕ್ಕೇ ಅವನ್ನು ಬೇಕಾಗುವ ಕಾಲು ಗಂಟೆ ಮೊದಲೇ, ಒಂದೊಂದಾಗಿ ಹಾಕುತ್ತೇನೆ. ಆರ್ಡರ್ ಹಾಕುವ ಟ್ಯಾಬ್ಲೆಟ್ ಒಬ್ಬರ ಕೈಯಲ್ಲೇ ಇರಲಿ. ಇಬ್ಬರು ಒತ್ತಿದರೆ ಗ್ಯೋಜಾ ಎರಡೆರಡು ತಟ್ಟೆ ಬರುತ್ತದೆ.

ಸಸ್ಯಾಹಾರಿಗಳು ಮಿಸೋ (ಹುದುಗಿಸಿದ ಸೋಯಾ ಪೇಸ್ಟ್) ಸೂಪ್ ನೋಡಿ ಮೋಸ ಹೋಗುವುದುಂಟು. ಅದರ ಸಾರು ದಾಶಿ, ಸಾಮಾನ್ಯವಾಗಿ ಒಣಗಿಸಿದ ಮೀನಿನ ಚಕ್ಕೆ ಹಾಕಿ ತೆಗೆದದ್ದು. ಟೆಂಪುರಾ ಜೊತೆಗಿನ ಸಾಸಿನಲ್ಲೂ, ಕರಿದ ತೋಫುವನ್ನು ಸಾರಿನಲ್ಲಿ ಕೊಡುವ ಅಗೆದಾಶಿ ತೋಫುವಿನಲ್ಲೂ ಅದೇ ಇರುತ್ತದೆ. ಸೌತೆಕಾಯಿಯ ಕಪ್ಪಾ ಮಾಕಿ, ಅವೊಕಾಡೊ ರೋಲ್, ಉಪ್ಪು ಹಾಕಿದ ಎಡಮಾಮೆ (ಬೇಯಿಸಿದ ಎಳೆ ಸೋಯಾ ಕಾಯಿ) ತೊಂದರೆಯಿಲ್ಲ. ಇನಾರಿ (ಕರಿದ ತೋಫು ಚೀಲದೊಳಗೆ ಅನ್ನ ತುಂಬಿದ ಸುಶಿ) ಮಾತ್ರ ಕೇಳಿಯೇ ತೆಗೆದುಕೊಳ್ಳಬೇಕು, ತೋಫು ಚೀಲವನ್ನು ದಾಶಿಯಲ್ಲಿ ಬೇಯಿಸುವವರಿದ್ದಾರೆ.

ಸೋಡಾ ಬೇಡ, ಗ್ಯಾಸ್ ಜಾಗ ತಿನ್ನುತ್ತದೆ; ಬಿಸಿ ಗ್ರೀನ್ ಟೀ ಸಾಕು. ಕೊನೆಯ ಆರ್ಡರಿನಲ್ಲಿ ಹೊಸ ಐಟಂ ಯಾವುದನ್ನೂ ಹಾಕುವುದಿಲ್ಲ, ಆಗಲೇ ರುಚಿ ನೋಡಿದ್ದನ್ನು ಮಾತ್ರ, ತಲೆಗೆ ಎರಡು ತುಂಡಿನಂತೆ.