ಅಪಘಾತದಲ್ಲಿ ಮನೆಯವರು ತೀರಿಕೊಂಡಾಗ ಪರಿಹಾರದ ಅರ್ಜಿ ಸಲ್ಲಿಸುವುದು ಹೇಗೆ?

ರಸ್ತೆ ಅಪಘಾತದಲ್ಲಿ ಒಬ್ಬರನ್ನು ಕಳೆದುಕೊಂಡ ಕುಟುಂಬದವರು ವಕೀಲರ ಕಚೇರಿಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ತಿಥಿಕಾರ್ಯಗಳೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅವರ ಪ್ರಕರಣದ ಅರ್ಧ ಹಣೆಬರಹವನ್ನು ಬೇರೆ ಯಾರೋ ಎರಡು ಕಾಗದಗಳ ಮೇಲೆ ಬರೆದು ಮುಗಿಸಿರುತ್ತಾರೆ: ಒಂದು ಆಸ್ಪತ್ರೆಯ ಮೊದಲ ಹಾಳೆ, ಇನ್ನೊಂದು ಪೊಲೀಸ್ ಠಾಣೆಗೆ ಕೊಟ್ಟ ದೂರು. ಹಲವು ವರ್ಷಗಳಿಂದ ಇಂಥ ಪ್ರಕರಣಗಳನ್ನು ನಡೆಸುತ್ತ ಬಂದಿರುವ ನಾನು ನೋಡಿದಂತೆ, ಕಾನೂನು ಗೊತ್ತಿಲ್ಲದೆ ಸೋತವರಿಗಿಂತ ಈ ಎರಡು ಕಾಗದಗಳನ್ನು ಸಕಾಲದಲ್ಲಿ ಓದದೆ ಸೋತವರೇ ಹೆಚ್ಚು.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಚಾಲಕನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಡಿ ನಡೆಯುವುದು ಸರ್ಕಾರದ ಮೊಕದ್ದಮೆ. ಅದರಲ್ಲಿ ಅವನಿಗೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಮನೆಯವರಿಗೆ ಹಣದ ಪರಿಹಾರ ಸಿಗುವುದು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಇವೆರಡೂ ಬೇರೆ ಬೇರೆ ದಾರಿಗಳು. ಅಪರಾಧ ಪ್ರಕರಣದಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ನ್ಯಾಯಮಂಡಳಿಗೆ ಸಂಭಾವ್ಯತೆ ಯಾವ ಕಡೆಗೆ ವಾಲುತ್ತದೆ ಎಂಬುದು ಸಾಕು. ಆದ್ದರಿಂದ ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ.

ಮೊದಲ ಹೆಜ್ಜೆ: ಎರಡು ಕಾಗದಗಳು

ಗಾಯಾಳುವನ್ನು ಆಸ್ಪತ್ರೆಗೆ ತಂದು ಸೇರಿಸುವವರು ಬಹುತೇಕ ದಾರಿಹೋಕರು. ತುರ್ತು ಚಿಕಿತ್ಸಾ ವಿಭಾಗದಲ್ಲಿ 'ಏನಾಯಿತು' ಎಂದು ಕೇಳಿದಾಗ, ಅಪಘಾತವನ್ನು ಕಣ್ಣಾರೆ ಕಾಣದ ಆ ಪುಣ್ಯಾತ್ಮರು 'ಬೈಕಿನಿಂದ ಬಿದ್ದಿದ್ದರು' ಎನ್ನುತ್ತಾರೆ. ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ ಎಂಎಲ್‌ಸಿ ಪುಸ್ತಕದಲ್ಲಿ 'ಸೆಲ್ಫ್ ಫಾಲ್', ಅಂದರೆ ತಾನಾಗಿಯೇ ಬಿದ್ದದ್ದು, ಎಂದು ದಾಖಲಾಗುತ್ತದೆ. ಹಿಂದಿನಿಂದ ಗುದ್ದಿದ ಲಾರಿ ಆ ಸಾಲಿನಲ್ಲಿ ಇರುವುದೇ ಇಲ್ಲ. ನಾನು ನಡೆಸಿದ ಒಂದು ಪ್ರಕರಣದಲ್ಲಿ ವಿಮಾ ಕಂಪನಿಯ ವಕೀಲರು ಮೃತರ ಪತ್ನಿಯ ಪಾಟಿಸವಾಲಿನುದ್ದಕ್ಕೂ ಆ ಎರಡು ಪದಗಳನ್ನು ಮಾತ್ರ ಹಿಡಿದುಕೊಂಡಿದ್ದರು; ಇಂಗ್ಲಿಷ್ ಬಾರದ ಆ ಹೆಣ್ಣುಮಗಳಿಗೆ ತನ್ನ ಗಂಡನ ಬಗ್ಗೆ ಬರೆದದ್ದೇನು ಎಂಬುದು ತಿಳಿದದ್ದೇ ಅಂದು, ಕಟಕಟೆಯಲ್ಲಿ ನಿಂತಾಗ.

ಆದ್ದರಿಂದ ಮೊದಲ ವಾರದಲ್ಲೇ ಆಸ್ಪತ್ರೆಯ ದಾಖಲೆಯ ಪ್ರತಿಯನ್ನು ಪಡೆದು, ಓದಲು ಬಲ್ಲವರಿಂದ ಓದಿಸಿಕೊಳ್ಳಿ. ತಪ್ಪು ಕಂಡರೆ ತಿದ್ದಿಸಲು ಹೋಗಬೇಡಿ. ತಿದ್ದಿದ ದಾಖಲೆ ತಪ್ಪು ದಾಖಲೆಗಿಂತ ಅಪಾಯಕಾರಿ. ಬದಲಿಗೆ, ಆ ಮಾಹಿತಿ ಕೊಟ್ಟವರನ್ನು ಹುಡುಕಿ, ಅಪಘಾತವನ್ನು ತಾವು ನೋಡಿರಲಿಲ್ಲವೆಂಬ ಅವರ ಹೇಳಿಕೆಯನ್ನು ತನಿಖಾಧಿಕಾರಿ ದಾಖಲಿಸಿಕೊಳ್ಳುವಂತೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ದೂರಿನ ವಿಷಯದಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು. ದುಃಖದಲ್ಲಿರುವವರು ಠಾಣೆಯಲ್ಲಿ ಬರೆದುಕೊಟ್ಟದ್ದಕ್ಕೆ ಓದದೆ ಸಹಿ ಹಾಕುತ್ತಾರೆ. ದೂರಿನಲ್ಲಿ ಸಮಯ, ಸ್ಥಳ, ಎರಡೂ ವಾಹನಗಳು ಬರುತ್ತಿದ್ದ ದಿಕ್ಕು, ರಸ್ತೆಯ ಯಾವ ಬದಿಯಲ್ಲಿ ಡಿಕ್ಕಿಯಾಯಿತು, ವಾಹನದ ಸಂಖ್ಯೆ ಮತ್ತು ಕಂಡವರ ಹೆಸರು ಇರಬೇಕು. ನೀವು ಕಂಡಿಲ್ಲವಾದರೆ 'ಇಂಥವರು ತಿಳಿಸಿದ ಪ್ರಕಾರ' ಎಂದೇ ಬರೆಯಿರಿ. ಕಂಡಂತೆ ಬರೆದರೆ ಪಾಟಿಸವಾಲಿನ ಮೊದಲ ಐದು ನಿಮಿಷಗಳಲ್ಲಿ ಅದು ಕುಸಿಯುತ್ತದೆ. ದೂರು ತಡವಾಗಿದ್ದರೆ ಅದರ ಕಾರಣವನ್ನು, ಅಂದರೆ ಆಸ್ಪತ್ರೆಯ ಓಡಾಟ, ಶವಸಂಸ್ಕಾರ ಇತ್ಯಾದಿಗಳನ್ನು, ದೂರಿನಲ್ಲೇ ಹೇಳಿ. ವಾಹನದ ಸಂಖ್ಯೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಇರಲಿ. ವಿಮೆಯಿರುವ ಯಾವುದೋ ವಾಹನವನ್ನು ಆಮೇಲೆ 'ಹೊಂದಿಸಿಕೊಡುತ್ತೇವೆ' ಎನ್ನುವವರು ಶವಾಗಾರದ ಬಳಿಯೇ ಸಿಗುತ್ತಾರೆ; ಅವರ ಮಾತಿಗೆ ಒಪ್ಪಿದರೆ ಪರಿಹಾರ ಹೋಗುವುದಷ್ಟೇ ಅಲ್ಲ, ನೀವೇ ಆರೋಪಿಗಳಾಗುತ್ತೀರಿ. ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿ ಅಳಿಸಿಹೋಗುವುದರಿಂದ, ಅವನ್ನು ವಶಕ್ಕೆ ಪಡೆಯುವಂತೆ ಅದೇ ವಾರ ಇನ್ನೊಂದು ಮನವಿ ಕೊಡಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಠಾಣೆಯವರು ದೂರನ್ನು ದಾಖಲಿಸದಿದ್ದರೆ ಅದನ್ನು ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು.

ಉಳಿದ ಕಾಗದಗಳು ಸುಲಭ: ಸ್ಥಳ ಮಹಜರು ಮತ್ತು ನಕ್ಷೆ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ವಾಹನ ತಪಾಸಣಾ ವರದಿ, ದೋಷಾರೋಪ ಪಟ್ಟಿ, ಎದುರು ವಾಹನದ ವಿಮಾ ಪಾಲಿಸಿ, ಮರಣ ಪ್ರಮಾಣಪತ್ರ, ವಂಶವೃಕ್ಷ. ವಯಸ್ಸಿಗೆ ಶಾಲೆಯ ವರ್ಗಾವಣೆ ಪತ್ರವನ್ನೇ ಹುಡುಕಿ. ಆಧಾರ್ ಕಾರ್ಡು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಎರಡನೆಯ ಹೆಜ್ಜೆ: ಯಾವ ಬಾಗಿಲು?

ಎದುರು ಚಾಲಕನ ತಪ್ಪನ್ನು ತೋರಿಸಬಲ್ಲಿರಾದರೆ 166ನೇ ಕಲಮೇ ಸರಿ. ತಪ್ಪು ಯಾರದೆಂದು ಸಾಬೀತುಪಡಿಸಬೇಕಿಲ್ಲದ 164ನೇ ಕಲಮಿನಡಿ ಸಾವಿಗೆ 5 ಲಕ್ಷ ರೂಪಾಯಿ ನಿಗದಿಯಾಗಿದೆ. ವಿಮಾ ಕಂಪನಿಯ ಅಧಿಕಾರಿ ಮನೆಗೇ ಬಂದು ಈ ಮೊತ್ತಕ್ಕೆ ಒಪ್ಪಿಗೆ ಕೇಳಿದರೆ ಕೂಡಲೇ ಸಹಿ ಮಾಡಬೇಡಿ, ಏಕೆಂದರೆ ಅದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ದೊಡ್ಡ ಮೊತ್ತದ ಅರ್ಜಿ ರದ್ದಾಗುತ್ತದೆ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ 161ನೇ ಕಲಮಿನ ಯೋಜನೆಯಡಿ 2 ಲಕ್ಷ ರೂಪಾಯಿಗೆ ಕಂದಾಯ ಅಧಿಕಾರಿಗೆ ಅರ್ಜಿ ಹಾಕಬೇಕು. ಮೃತರು ತಮ್ಮದೇ ವಾಹನವನ್ನು ಓಡಿಸುವಾಗ ಇನ್ನೊಬ್ಬರ ತಪ್ಪಿಲ್ಲದೆ ಬಿದ್ದಿದ್ದರೆ, ಪಾಲಿಸಿಯಲ್ಲಿ ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಇದನ್ನು ಕೇಳುವುದೇ ಇಲ್ಲ.

ಮೂರನೆಯ ಹೆಜ್ಜೆ: ಆದಾಯದ ಪುರಾವೆ

ಲೆಕ್ಕದ ಕ್ರಮವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಗೊತ್ತುಪಡಿಸಿದೆ. ಸ್ವಂತ ಗ್ಯಾರೇಜಿನಲ್ಲಿ ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದ 38 ವರ್ಷದ ಮೆಕ್ಯಾನಿಕ್ ಒಬ್ಬರು ಪತ್ನಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಬಿಟ್ಟು ಹೋಗಿದ್ದಾರೆಂದುಕೊಳ್ಳಿ. ಸ್ವಂತ ಉದ್ಯೋಗದವರು 40 ವರ್ಷದೊಳಗಿದ್ದರೆ ಭವಿಷ್ಯದ ಹೆಚ್ಚಳವೆಂದು ಶೇ 40 ಸೇರಿಸಬೇಕು: 28,000. ಅವಲಂಬಿತರು ನಾಲ್ವರಾದ್ದರಿಂದ ಮೃತರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು: 21,000. ವರ್ಷಕ್ಕೆ 2,52,000. ಆ ವಯಸ್ಸಿನ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 15. ಒಟ್ಟು 37,80,000 ರೂಪಾಯಿ. ಸಾಂಗತ್ಯ ನಷ್ಟ (ಮೃತರ ಒಡನಾಟ ಕಳೆದುಕೊಂಡದ್ದಕ್ಕೆ ಕೊಡುವ ಹಣ), ಅಂತ್ಯಕ್ರಿಯೆಯ ವೆಚ್ಚ ಮುಂತಾದವು ಇದರ ಮೇಲೆ ಬರುತ್ತವೆ. ಪುರಾವೆಯಿಲ್ಲದೆ ನ್ಯಾಯಮಂಡಳಿ ಆದಾಯವನ್ನು 15,000 ಎಂದು ಅಂದಾಜಿಸಿದರೆ ಅದೇ ಲೆಕ್ಕ 28,35,000ಕ್ಕೆ ಇಳಿಯುತ್ತದೆ. ತಿಂಗಳಿನ 5,000 ರೂಪಾಯಿಗೆ ಕಾಗದ ಸಿಗದೆ ಹೋದದ್ದರ ಬೆಲೆ 9,45,000 ರೂಪಾಯಿ.

ಸಂಬಳದವರಿಗೆ ವೇತನ ಚೀಟಿ ಇರುತ್ತದೆ. ಕಷ್ಟವಿರುವುದು ಉಳಿದವರಿಗೆ. ಹಾಲಿನ ಡೇರಿಯ ಪಾಸ್‌ಬುಕ್, ಪಹಣಿ, ಸ್ತ್ರೀಶಕ್ತಿ ಸಂಘದ ಸಾಲ ಮರುಪಾವತಿ ಪುಸ್ತಕ, ಫೋನಿನ ಯುಪಿಐ ಜಮೆಗಳ ವಿವರ, ಬಿಡಿಭಾಗಗಳ ಅಂಗಡಿಯ ಬಿಲ್ಲುಗಳು, ಮಕ್ಕಳ ಶಾಲಾ ಶುಲ್ಕದ ರಸೀದಿಗಳು: ಇವೆಲ್ಲ ಸೇರಿ ಒಂದು ಸಂಸಾರದ ವರಮಾನವನ್ನು ತೋರಿಸಬಲ್ಲವು. ಮೃತರ ಫೋನಿನ ಸಿಮ್ ಅನ್ನು ದಯವಿಟ್ಟು ನಿಲ್ಲಿಸಬೇಡಿ. ಸಾವಿನ ನಂತರ ಪರಿಚಯದ ಮಾಲೀಕರಿಂದ ಬರೆಸಿಕೊಂಡ ಸಂಬಳದ ಪತ್ರವನ್ನು ನಾನಂತೂ ಹಾಜರುಪಡಿಸುವುದಿಲ್ಲ. ಬರೆದವರು ಹಾಜರಿಪುಸ್ತಕ ಹಿಡಿದು ಸಾಕ್ಷಿ ಹೇಳಲು ಬಾರದಿದ್ದರೆ ಅದಕ್ಕೆ ಬೆಲೆಯಿಲ್ಲ. ತೀರಿಕೊಂಡವರು ಗೃಹಿಣಿಯಾಗಿದ್ದರೆ 'ಆದಾಯವಿಲ್ಲ' ಎಂದು ಬರೆಯುವುದು ದೊಡ್ಡ ತಪ್ಪು. ಮನೆಗೆಲಸಕ್ಕೂ ಆದಾಯವನ್ನು ಅಂದಾಜಿಸಬೇಕೆಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂತರ್ಜಾಲದಲ್ಲಿ ಸಿಗುವ ಪರಿಹಾರದ ಕ್ಯಾಲ್ಕುಲೇಟರುಗಳನ್ನು ನಂಬಬೇಡಿ. ಸ್ವಂತ ಖರ್ಚಿನ ಕಡಿತವನ್ನೇ ಮರೆತು ಆಸೆ ಹುಟ್ಟಿಸುವಂಥವನ್ನು ನೋಡಿದ್ದೇನೆ.

ಅರ್ಜಿ, ವಿಚಾರಣೆ, ಹಣ

ಅಪಘಾತ ನಡೆದ ಊರಲ್ಲಿ, ನೀವು ವಾಸವಿರುವ ಊರಲ್ಲಿ ಅಥವಾ ಎದುರುದಾರರ ಊರಲ್ಲಿ ಅರ್ಜಿ ಹಾಕಬಹುದು. ಓಡಾಟ ತಪ್ಪಿಸಲು ನಿಮ್ಮ ಊರನ್ನೇ ಆರಿಸಿಕೊಳ್ಳಿ. 2022ರ ಏಪ್ರಿಲ್ 1ರಿಂದ ಅಪಘಾತವಾದ ದಿನದಿಂದ 6 ತಿಂಗಳ ಕಾಲಮಿತಿಯಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿರುವುದರಿಂದ ಗಡುವು ಮೀರಿದವರೂ ವಕೀಲರನ್ನು ಕೇಳದೆ ಕೈಚೆಲ್ಲಬಾರದು, ಆದರೆ ಅದನ್ನೇ ನಂಬಿ ಕಾಯಲೂಬಾರದು. ಪೊಲೀಸರು ಕಳುಹಿಸುವ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದ್ದರೂ ನಿಮ್ಮ ಅರ್ಜಿಯನ್ನು ನೀವು ಹಾಕಿ. ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರೂ ಒಂದೇ ಅರ್ಜಿಯಲ್ಲಿರಲಿ; ಮದುವೆಯಾದ ಮಕ್ಕಳಿಗೂ ಅರ್ಜಿ ಸಲ್ಲಿಸುವ ಹಕ್ಕಿದೆ.

ವಕೀಲರ ಶುಲ್ಕವನ್ನು ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಗೊತ್ತುಮಾಡುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಖಾಲಿ ಕಾಗದಕ್ಕಾಗಲಿ ಖಾಲಿ ಚೆಕ್ಕಿಗಾಗಲಿ ಸಹಿ ಕೇಳುವವರಿಂದ ಕಡತವನ್ನು ಆ ದಿನವೇ ವಾಪಸು ಪಡೆಯಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಸಹಾಯವಾಣಿ 15100.

ಲೋಕ್ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಕೈಸೇರುತ್ತದೆ, ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ. ಮೇಲಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳದೆ ಆ ಮೇಜಿನ ಮುಂದೆ ಕೂರಬೇಡಿ. ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಮಕ್ಕಳ ಪಾಲು ಅವರು ಪ್ರಾಪ್ತ ವಯಸ್ಕರಾಗುವವರೆಗೆ ನಿಶ್ಚಿತ ಠೇವಣಿಯಲ್ಲಿರುತ್ತದೆ. ಉಳಿದದ್ದು ನೇರವಾಗಿ ಖಾತೆಗೆ ಬರುವುದರಿಂದ, ಪತ್ನಿಯ ಹೆಸರಿನಲ್ಲಿ ಒಂಟಿ ಖಾತೆಯನ್ನು ಮೊದಲೇ ತೆರೆಸಿ, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡು ಆಕೆಯ ಬಳಿಯೇ ಇರುವಂತೆ ನೋಡಿಕೊಳ್ಳಿ.