ಟರ್ಬೊ ಕೂರಿಸಿದ ಮೇಲೆ, ಕೀ ತಿರುಗಿಸುವ ಮೊದಲು

ಮನೆ ಶೆಡ್ಡಲ್ಲೇ ಪೆಟ್ರೋಲ್ ಇಂಜಿನ್‌ಗೆ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕುತ್ತಿರುವವರಿಗೆ ಒಂದು ಮಾತು. ಜೋಡಣೆ ಮುಗಿದ ಖುಷಿಯಲ್ಲಿ ತಕ್ಷಣ ಸ್ಟಾರ್ಟ್ ಮಾಡಬೇಡಿ. ಟರ್ಬೊ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ. ಅದನ್ನು ಕಾಪಾಡುವುದು ತೆಳುವಾದ ಆಯಿಲ್ ಪದರ, ಅಷ್ಟೇ. ಒಣ ಬೇರಿಂಗ್‌ನಲ್ಲಿ ಓಡಿಸಿ ನಾನೇ ಒಂದನ್ನು ಕಳೆದುಕೊಂಡಿದ್ದೇನೆ.

ಆಯಿಲ್ ಹೋಗುವ ತೂತಿಗೆ ಹೊಸ ಇಂಜಿನ್ ಆಯಿಲ್ ಸುರಿದು, ಒಳಗಿನ ಚಕ್ರವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಆಮೇಲೆ ಇಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎರಡರ ಕನೆಕ್ಷನ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ವಾಪಸ್ ಬರುವ ಪೈಪ್ ದಪ್ಪಗಿರಲಿ, ಪೂರ್ತಿ ಇಳಿಜಾರಾಗಿರಲಿ. ಇಲ್ಲದಿದ್ದರೆ ಆಯಿಲ್ ಸೀಲ್ ದಾಟಿ ನೀಲಿ ಹೊಗೆ ಶುರುವಾಗುತ್ತದೆ.

ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸುವ ಆಸೆ ಸ್ವಲ್ಪ ತಡೆದುಕೊಳ್ಳಿ. ಮೊದಲು ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಕವಾಟ) ಸ್ಪ್ರಿಂಗ್ ಕೊಡುವಷ್ಟು ಬೂಸ್ಟ್‌ನಲ್ಲೇ ಓಡಿಸಿ, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ನೋಡಿ. ಫುಲ್ ಬೂಸ್ಟ್‌ನಲ್ಲಿ ಅದು 11.5ರಿಂದ 12ರ ಆಸುಪಾಸು ಇರಲಿ. 13 ದಾಟಿತೋ (ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ), ಟಕಟಕ ಸದ್ದು ಬಂತೋ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಆರ್‌ಟಿಒ ಅನುಮತಿ ವಿಚಾರ ಬೇರೆಯೇ ಇದೆ, ಮರೆಯಬೇಡಿ.

ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿ ಹತ್ತಿಸಿದ ಕೂಡಲೇ ಇಂಜಿನ್ ಆಫ್ ಮಾಡಬೇಡಿ. ಕಾದ ಟರ್ಬೊ ಸ್ವಲ್ಪ ತಣಿಯಲು ಎರಡು ನಿಮಿಷ ಐಡಲ್‌ನಲ್ಲಿ ಬಿಡಿ. ಸೆಲ್ಫಿ ಆಮೇಲೂ ತೆಗೆಯಬಹುದು, ಅಲ್ವಾ?