ಮೈನಸ್ 20ರಲ್ಲಿ ಮೋಟರ್‌ಹೋಮ್: ಗಲೀಜು ನೀರಿನ ಟ್ಯಾಂಕ್ ಗಡ್ಡೆ ಕಟ್ಟದಂತೆ ನಾನು ಮಾಡುವುದು

ಚಳಿಗಾಲದಲ್ಲಿ ಮೋಟರ್‌ಹೋಮ್ (ಒಳಗೇ ಅಡುಗೆ, ಹಾಸಿಗೆ, ಟಾಯ್ಲೆಟ್ ಇರುವ ಗಾಡಿ) ತಗೊಂಡು ಕೆನಡಾದ ರಾಕಿ ಬೆಟ್ಟಗಳ ನಡುವಿನ ಬ್ಯಾನ್ಫ್‌ಗೆ ಹೊರಟೆವು ಅಂದರೆ ಕ್ಯಾಲ್ಗರಿಯ ಕನ್ನಡದ ಗೆಳೆಯರು ಕೇಳುವ ಮೊದಲ ಪ್ರಶ್ನೆ, ‘ಒಳಗೆ ಚಳಿ ಆಗಲ್ವಾ?’ ಆಗುವುದಿಲ್ಲ. ಪ್ರೊಪೇನ್ ಗ್ಯಾಸಿನಲ್ಲಿ ಗಾಡಿಯನ್ನು ಬೆಚ್ಚಗಿಡುವ ಫರ್ನೆಸ್ ಇದೆ, ದಪ್ಪ ರಗ್ಗುಗಳಿವೆ. ತಲೆನೋವು ಇರುವುದು ನೆಲದ ಕೆಳಗೆ. ಸಿಂಕು, ಸ್ನಾನದ ನೀರು ಸೇರುವುದು ಗ್ರೇ ಟ್ಯಾಂಕಿಗೆ. ಟಾಯ್ಲೆಟ್‌ನದ್ದು ಬ್ಲ್ಯಾಕ್ ಟ್ಯಾಂಕಿಗೆ. ಎರಡೂ ಗಾಡಿಯ ತಳದಲ್ಲಿ ನೇತಾಡುತ್ತವೆ. ಗಡ್ಡೆ ಕಟ್ಟಿದರೆ ಖಾಲಿ ಮಾಡುವ ಹಾಗಿಲ್ಲ, ಬಳಸುವ ಹಾಗೂ ಇಲ್ಲ.

ಎಲ್ಲರೂ ಟ್ಯಾಂಕಿನ ಬಗ್ಗೆ ಹೆದರುತ್ತಾರೆ. ನನ್ನ ಪ್ರಕಾರ ಹೆದರಬೇಕಾದ್ದು ಟ್ಯಾಂಕ್ ಖಾಲಿ ಮಾಡಲು ತೆರೆಯುವ ವಾಲ್ವಿಗೆ. ನೂರು ಚಿಲ್ಲರೆ ಲೀಟರ್ ನೀರು, ಅದೂ ಆಗಾಗ ಬಿಸಿನೀರು ಬಂದು ಸೇರುವಂಥದ್ದು, ಒಂದೇ ರಾತ್ರಿಗೆ ಪೂರ್ತಿ ಗಟ್ಟಿಯಾಗುವುದು ಕಷ್ಟ. ಆದರೆ ಟ್ಯಾಂಕಿನಿಂದ ಹೊರಬರುವ ಗಿಡ್ಡ ಪೈಪಿನಲ್ಲಿ, ವಾಲ್ವಿನ ಹಿಂದೆ, ಸ್ವಲ್ಪ ನೀರು ಅಲುಗಾಡದೆ ನಿಂತಿರುತ್ತದೆ. ಸುತ್ತ ಬರೀ ಪ್ಲಾಸ್ಟಿಕ್, ಮೇಲೆ ಗಾಳಿ ಹೊಡೆತ. ಮೊದಲು ಹೆಪ್ಪುಗಟ್ಟುವುದು ಅದು. ಹಾಗಾಗಿ ನಾನು ದುಡ್ಡು ಸುರಿದದ್ದು ಮೊದಲು ಅಲ್ಲಿಗೇ.

ಟ್ಯಾಂಕುಗಳ ತಳಕ್ಕೆ 12 ವೋಲ್ಟಿನ ಹೀಟಿಂಗ್ ಪ್ಯಾಡ್ ಅಂಟಿಸಿದ್ದೇನೆ. ಪೈಪಿನ ತಿರುವಿಗೆ, ವಾಲ್ವಿಗೆ ಸುತ್ತುವ ಸಣ್ಣ ಪ್ಯಾಡುಗಳು ಬೇರೆ. ಈ ಕೆಲಸ ಬೇಸಿಗೆಯಲ್ಲೇ ಮುಗಿಸಿ, ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ. ಪ್ಯಾಡಿನ ಥರ್ಮೋಸ್ಟಾಟ್ ಸುಮಾರು 7 ಡಿಗ್ರಿಗೆ ಇಳಿದಾಗ ಆನ್ ಆಗುತ್ತದೆ, 20ರ ಹತ್ತಿರ ಆಫ್ ಆಗುತ್ತದೆ. ಟ್ಯಾಂಕ್ ಒಣಗಿದ್ದಾಗ ಮಾತ್ರ ಸ್ವಿಚ್ ಹಾಕಬೇಡಿ. ಒಂದು ದೊಡ್ಡ ಪ್ಯಾಡ್ 5-6 ಆಂಪ್ ಎಳೆಯುತ್ತದೆ. 100 ಆಂಪ್-ಅವರಿನ ಹಳೇ ಕಾಲದ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಧೈರ್ಯವಾಗಿ ಬಳಸಬಹುದಾದ್ದು ಅರ್ಧ ಮಾತ್ರ. ಅಂದರೆ ಎರಡು ಪ್ಯಾಡ್ ಬಿಡದೆ ಓಡಿದರೆ ನಾಲ್ಕೈದು ಗಂಟೆಗೆ ಮುಗಿಯಿತು. ಫರ್ನೆಸ್ಸಿನ ಫ್ಯಾನಿಗೂ ಅದೇ ಬ್ಯಾಟರಿ. ಅದಕ್ಕೇ ಚಳಿಗಾಲದಲ್ಲಿ ನಾವು ಕರೆಂಟ್ ಇರುವ ಜಾಗ ಬಿಟ್ಟು ಬೇರೆಡೆ ನಿಲ್ಲುವುದಿಲ್ಲ. ಬ್ಯಾನ್ಫ್‌ನ ಟನಲ್ ಮೌಂಟನ್ ವಿಲೇಜ್ 2 ಅನ್ನುವ ಕ್ಯಾಂಪ್‌ಗ್ರೌಂಡ್ ಚಳಿಗಾಲದಲ್ಲೂ ತೆರೆದಿರುತ್ತದೆ, ಕರೆಂಟೂ ಸಿಗುತ್ತದೆ.

ಕರೆಂಟ್ ಸಿಕ್ಕಿದ ತಕ್ಷಣ ಪ್ರೊಪೇನ್ ಉಳಿಸೋಣ ಅಂತ ಒಳಗೆ ಎಲೆಕ್ಟ್ರಿಕ್ ಹೀಟರ್ ಇಡುವ ಆಸೆ ಬರುತ್ತದೆ. ಇಲ್ಲೊಂದು ಕೊಕ್ಕೆ ಇದೆ. ನಮ್ಮ ಗಾಡಿಯ ತಳಕ್ಕೆ ಮುಚ್ಚಳವಿದೆ, ಫರ್ನೆಸ್ಸಿನ ಒಂದು ಡಕ್ಟ್ ಅದರೊಳಕ್ಕೆ ಬಿಸಿಗಾಳಿ ಕಳಿಸುತ್ತದೆ. ಹೀಟರ್ ಕೋಣೆಯನ್ನು ಬೆಚ್ಚಗೆ ಇಟ್ಟರೆ ಫರ್ನೆಸ್ ಓಡುವುದೇ ಇಲ್ಲ. ನಾವು ಮೇಲೆ ಬೆಚ್ಚಗೆ ಮಲಗಿರುತ್ತೇವೆ, ಕೆಳಗೆ ಟ್ಯಾಂಕು ನಡುಗುತ್ತಿರುತ್ತದೆ. ಅದಕ್ಕೇ ವಾಲ್ವಿನ ಪಕ್ಕ ಒಂದು ವೈರ್‌ಲೆಸ್ ಥರ್ಮಾಮೀಟರ್ ಕಟ್ಟಿ, ಅದರ ಡಿಸ್ಪ್ಲೇಯನ್ನು ಹಾಸಿಗೆ ಹತ್ತಿರ ಇಟ್ಟಿದ್ದೇನೆ. ಅದು 3 ಡಿಗ್ರಿ ತೋರಿಸಿದರೆ ಹೀಟರ್ ಬಂದ್, ಫರ್ನೆಸ್ ಚಾಲೂ. ಇಡೀ ಏರ್ಪಾಟಿನಲ್ಲಿ ಅತಿ ಅಗ್ಗದ್ದೂ ಇದೇ, ಅತಿ ಉಪಯೋಗದ್ದೂ ಇದೇ.

ಆ್ಯಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ಬೆರೆಸುವ ದ್ರವ) ವಿಷಯಕ್ಕೆ ಬಂದರೆ, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ. ಕಾರಿನ ಇಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡವೇ ಬೇಡ. ಟ್ಯಾಂಕ್ ಖಾಲಿ ಮಾಡಿ ವಾಲ್ವ್ ಮುಚ್ಚಿದ ಕೂಡಲೇ ಎರಡು-ಮೂರು ಲೀಟರ್ ಸುರಿಯುತ್ತೇನೆ. ಆಗ ಅದು ಇಳಿದು ವಾಲ್ವಿನ ಹಿಂದೆಯೇ ಕೂರುತ್ತದೆ. ಸಿಂಕು ಮತ್ತು ಬಚ್ಚಲಿನ ಬಾಗಿದ ಪೈಪಿಗೂ ಒಂದೊಂದು ಲೋಟ. ಡಬ್ಬದ ಮೇಲಿನ ‘ಮೈನಸ್ 50’ ನೋಡಿ ನಿಶ್ಚಿಂತೆ ಬೇಡ. ಅದು ಪೈಪ್ ಒಡೆಯದಂತೆ ಕಾಯುವ ಲೆಕ್ಕ. ಅದಕ್ಕೂ ಎಷ್ಟೋ ಮೊದಲೇ ಅದು ಗಂಜಿಯ ಹಾಗೆ ಮಂದವಾಗುತ್ತದೆ. ನೀರು ಬೆರೆತಷ್ಟೂ ಬಲ ಕಮ್ಮಿ.

ಸುಮ್ನೆ ಉಪ್ಪು ಹಾಕಿ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ನೂರಕ್ಕೆ ಹತ್ತರಷ್ಟು ಉಪ್ಪು ಕರಗಿಸಿದರೂ ನೀರು ಹೆಪ್ಪುಗಟ್ಟುವುದು ಮೈನಸ್ 6-7ಕ್ಕೆ. 150 ಲೀಟರಿಗೆ ಹದಿನಾರು ಕಿಲೋದಷ್ಟು ಉಪ್ಪು ಬೇಕು! ಸುರಿದ ಮೇಲೂ ಬ್ಯಾನ್ಫ್‌ನ ಜನವರಿ ರಾತ್ರಿಗೆ ಅದು ಸಾಲದು.

ಗ್ರೇ ವಾಲ್ವ್ ತೆರೆದಿಟ್ಟು ಹೋಸಿನಲ್ಲಿ ನೀರು ಹರಿಯಲು ಬಿಡುವ ಬೇಸಿಗೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ತೊಟ್ಟಿಕ್ಕುವ ನೀರು ಪದರ ಪದರವಾಗಿ ಗಡ್ಡೆಯಾಗಿ ಹೋಸು ಮುಚ್ಚಿಹೋಗುತ್ತದೆ. ವಾಲ್ವ್ ಮುಚ್ಚಿಟ್ಟು, ಟ್ಯಾಂಕ್ ಮುಕ್ಕಾಲು ಆಗುವ ಮೊದಲು ಖಾಲಿ ಮಾಡಿ, ಹೋಸು ಬಸಿದು ಒಳಗಿಡಬೇಕು. ಇನ್ನು ನಮ್ಮ ಅಡುಗೆಯದ್ದೇ ಒಂದು ಕಥೆ. ತುಪ್ಪ, ಒಗ್ಗರಣೆ ಎಣ್ಣೆ ತಣ್ಣನೆ ಪೈಪಿಗೆ ಅಂಟಿ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆಗಂತೂ 24 ಡಿಗ್ರಿಯೇ ಸಾಕು. ತಟ್ಟೆ, ಬಾಣಲೆಗಳನ್ನು ಪೇಪರಿನಲ್ಲಿ ಒರೆಸಿಯೇ ತೊಳೆಯುವುದು ನಮ್ಮ ಗಾಡಿಯ ನಿಯಮ. ಮನೆಯವಳಿಗೆ ಇದು ಜಾಸ್ತಿ ಆಯಿತು ಅನ್ನಿಸಿದೆ, ಪಾಲಿಸುತ್ತಾಳೆ.

ಎರಡು-ಮೂರು ದಿನ ಒಂದೇ ಕಡೆ ನಿಲ್ಲುವುದಾದರೆ ಗಾಡಿಯ ಸುತ್ತ ನೆಲದವರೆಗೆ ಫೋಮ್ ಶೀಟ್ ನಿಲ್ಲಿಸುತ್ತೇನೆ. ಗಾಳಿ ನಿಂತರೆ ಅರ್ಧ ಕೆಲಸ ಆದ ಹಾಗೆ. ಅದರ ಬುಡಕ್ಕೆ ಹಿಮವನ್ನೇ ಗುದ್ದಲಿಯಲ್ಲಿ ಒತ್ತಿದರೆ ಇನ್ನೂ ಒಳ್ಳೆಯದು. ಫರ್ನೆಸ್ಸಿನ ಹೊಗೆ ಕಿಂಡಿ ಮಾತ್ರ ಮುಚ್ಚಬಾರದು, ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದರೆ ಜೀವಕ್ಕೇ ಅಪಾಯ. ಒಳಗೆ ಅಲಾರಂ ಇರಲೇಬೇಕು.

ಇಷ್ಟಾದರೂ ವಾಲ್ವ್ ಹಿಡಿದುಕೊಂಡರೆ ಹಿಡಿಕೆಯನ್ನು ಜಗ್ಗಬೇಡಿ, ಮುರಿಯುತ್ತದೆ. ಹೇರ್ ಡ್ರೈಯರ್ ಹಿಡಿದು ನಿಧಾನಕ್ಕೆ ಬಿಸಿ ಮಾಡಿ. ಅವಸರವಿಲ್ಲದಿದ್ದರೆ ಚಿನೂಕ್‌ಗೆ ಕಾಯಬಹುದು. ರಾಕಿ ಬೆಟ್ಟ ಇಳಿದು ಬರುವ ಈ ಬೆಚ್ಚನೆ ಗಾಳಿ ಕ್ಯಾಲ್ಗರಿಯಲ್ಲಿ ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿಸಿಬಿಡಬಲ್ಲದು. ಮನೆಗೆ ವಾಪಸ್ ಬಂದ ಮೇಲೆ ಹವಾಮಾನ ವರದಿಯಲ್ಲಿ ಚಿನೂಕ್ ಕಂಡರೆ, ಆ ಮಧ್ಯಾಹ್ನವೇ ಡಂಪ್ ಸ್ಟೇಷನ್‌ಗೆ (ಗಲೀಜು ನೀರು ಖಾಲಿ ಮಾಡುವ ಜಾಗ) ಹೋಗಿ ಎರಡೂ ಟ್ಯಾಂಕ್ ತೊಳೆದು ಬರುತ್ತೇನೆ. ಹೊರಡುವ ಮೊದಲು ಫೋನ್ ಮಾಡಿ ಕೇಳಿ, ಚಳಿಗಾಲದಲ್ಲಿ ಬಹಳಷ್ಟು ಕಡೆ ಬೀಗ ಹಾಕಿರುತ್ತಾರೆ.